ಹದಿನೇಳರ ಮಗ್ಗಿ

“ಇನ್ನೊಮ್ಮೆ ಹಾಕಿ,” ಎಂದರು ಶಂಕರನಾರಾಯಣ. ಪರೀಕ್ಷಾಧಿಕಾರಿ ಗ್ರೇಸಿ ಮೂರನೆಯ ಸಲ ಧ್ವನಿಮುದ್ರಣವನ್ನು ಮೊದಲಿನಿಂದ ಹಾಕಿದಳು. ಎರ್ನಾಕುಲಂನ ಕಲೂರಿನಲ್ಲಿದ್ದ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ಅದೇ ಊರಿನಲ್ಲಿ ನೆಲೆಸಿದ್ದ ಕಾಸರಗೋಡಿನ ಈ ನಿವೃತ್ತ ಗಣಿತ ಅಧ್ಯಾಪಕರನ್ನು ಕರೆಸಿದ್ದರು. ಮೇಜಿನ ಆಚೆ ಭವಾನಿ ಕೈಚೀಲವನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ತಿರುವನಂತಪುರದಿಂದ ಬೆಳಗಿನ ರೈಲಿಗೆ ಬಂದವಳು. ವಯಸ್ಸು ನಲವತ್ತಾರು, ಆನ್‌ಲೈನ್ ಬಿ.ಕಾಂ.ನ ಕೊನೆಯ ವರ್ಷದ ವಿದ್ಯಾರ್ಥಿನಿ.

ಆಪಾದನೆ ಇಷ್ಟೇ. ಮನೆಯಲ್ಲಿಯೇ ಕ್ಯಾಮೆರಾದ ಮುಂದೆ ಕುಳಿತು ಬರೆಯುವ ಪರೀಕ್ಷೆಯಲ್ಲಿ, ಕಾವಲಿಗಿದ್ದ ತಂತ್ರಾಂಶವು ಹನ್ನೊಂದು ಸಲ ಮಾತಿನ ಸದ್ದನ್ನು ಹಿಡಿದಿತ್ತು. ಭವಾನಿ ತಲೆ ತಗ್ಗಿಸಿ ಬರೆಯುತ್ತಿದ್ದುದರಿಂದ ಅವಳ ತುಟಿ ಕಾಣಿಸಲಿಲ್ಲ, ಭಾಷೆಯೂ ತಿಳಿಯಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರಿದ್ದು ಉತ್ತರ ಹೇಳಿಕೊಡುತ್ತಿದ್ದಾರೆ ಎಂದು ಅದು ವರದಿ ಬರೆಯಿತು. ಅದು ನಿಜವೆಂದಾದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

“ಮಗ್ಗಿ ಹೇಳಿಕೊಂಡದ್ದು ಅಂತ ಮೂರು ಮೇಲ್ ಕಳಿಸಿದ್ದೇನೆ ಸರ್,” ಎಂದಳು ಭವಾನಿ. “ಕ್ಯಾಲ್ಕ್ಯುಲೇಟರ್ ಆಗುದಿಲ್ಲ ಅಂತ ಇವರದ್ದೇ ನಿಯಮ ಉಂಟಲ್ಲ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಬಾಯಿಬಿಟ್ಟು ಹೇಳದೆ ನನಗೆ ಲೆಕ್ಕ ಬರುದಿಲ್ಲ. ಎಂತ ಮಾಡುದು?”

“ನಿಮ್ಮ ಯಜಮಾನರು ಮನೆಯಲ್ಲಿದ್ದರೇ?” ಎಂದು ಕೇಳಿದರು ಶಂಕರನಾರಾಯಣ.

“ಅವರು ರಾಕೆಟ್ ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದರು. ಮನೆಯಲ್ಲಿದ್ದರೂ ದಿನಕ್ಕೆ ಹನ್ನೊಂದು ಸಲ ನನ್ನ ಹತ್ರ ಮಾತಾಡುವ ಜನ ಅಲ್ಲ ಸರ್ ಅವರು.”

ಶಂಕರನಾರಾಯಣರು ನಗಲಿಲ್ಲ. ಧ್ವನಿಯಲ್ಲಿ ಕೇಳಿದ ಹದಿನೇಳರ ಮಗ್ಗಿಯ ಸಂಖ್ಯೆಗಳನ್ನು ಒಂದರ ಕೆಳಗೊಂದರಂತೆ ಅಂಕಿಗಳಲ್ಲಿ ಬರೆದುಕೊಂಡರು. ಒಂದು ಕಡೆ ಅವರ ಪೆನ್ನು ನಿಂತಿತು, ಮತ್ತೆ ಚಲಿಸಿತು. ಆ ಕಾಗದವನ್ನು ಮಡಚಿ ಗ್ರೇಸಿಯ ಕೈಗೆ ಕೊಟ್ಟು ಹೊಸ ಹಾಳೆಯನ್ನು ತೆಗೆದರು.

“ಹದಿನೇಳರ ಮಗ್ಗಿ ಹೇಳಿ.”

“ಇಲ್ಲಿಯಾ? ಇವರ ಎದುರಾ?”

“ಇಲ್ಲಿಯೇ.”

ಭವಾನಿ ಕಣ್ಣು ಮುಚ್ಚಿಕೊಂಡಳು. “ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು…” ಮೊದಲು ತಡೆತಡೆದು ಹೇಳಿದಳು. ಮೂರನೆಯ ಸಾಲಿನಿಂದ ಶಾಲೆಯ ರಾಗ ತಾನಾಗಿಯೇ ಬಂತು. ಶಂಕರನಾರಾಯಣರು ತಲೆಯೆತ್ತದೆ ಅಂಕಿಗಳನ್ನು ಬರೆಯುತ್ತ ಹೋದರು. ಹತ್ತಕ್ಕೆ ಮುಗಿಯಿತು.

ಗ್ರೇಸಿ ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಮೊಬೈಲಿನಲ್ಲಿ ಗುಣಿಸಿ ನೋಡುತ್ತ ಬೆರಳು ಇಳಿಸಿದಳು. ಬೆರಳು ಎಂಟನೆಯ ಸಾಲಿನಲ್ಲಿ ನಿಂತಿತು.

“ಸಾರೇ,” ಎಂದು ಮಲಯಾಳದಲ್ಲಿ ಕೇಳಿದಳು, “ಎರಡರಲ್ಲೂ ನೂರ ಇಪ್ಪತ್ತಾರು ಇದೆ. ಅದು ನೂರ ಮೂವತ್ತಾರು ಅಲ್ಲವೇ?”

“ಹೌದು. ನೀವು ನನಗೆ ತೋರಿಸಿದ ಇವರ ಉತ್ತರಪತ್ರಿಕೆಯ ಮೂರನೆಯ ಲೆಕ್ಕವನ್ನು ನೋಡಿ. ಅಲ್ಲಿಯೂ ನೂರ ಇಪ್ಪತ್ತಾರೇ. ಧ್ವನಿಯಲ್ಲಿ, ಕಾಗದದಲ್ಲಿ, ಈಗ ಇವರ ಬಾಯಲ್ಲಿ, ಮೂರು ಕಡೆಯೂ ಒಂದೇ ತಪ್ಪು. ಇದನ್ನು ಬೇರೆಯವರು ಹೇಳಿಕೊಟ್ಟಿಲ್ಲ. ಈ ತಪ್ಪು ಇವರ ಸ್ವಂತದ್ದು.”

ಗ್ರೇಸಿ ಉತ್ತರಪತ್ರಿಕೆಯ ಆ ಲೆಕ್ಕವನ್ನು ಹುಡುಕಿ ನೋಡಿದಳು. ಬಳಿಕ ಕಂಪ್ಯೂಟರಿನತ್ತ ತಿರುಗಿ ಆಪಾದನೆಯನ್ನು ಕೈಬಿಡಲಾಗಿದೆ ಎಂದು ದಾಖಲಿಸಿದಳು. ಭವಾನಿಗೆ ಮಲಯಾಳ ಚೆನ್ನಾಗಿ ತಿಳಿಯುತ್ತಿತ್ತು. ಅವಳ ಮುಖ ಕೆಂಪಾಗಿತ್ತು.

“ಬೆಳಿಗ್ಗೆ ಕಳ್ಳಿ ಅಂತ ಕರೆಸಿದ್ರಿ. ಈಗ ದಡ್ಡಿ ಅಂತ ಬರೆದುಕೊಟ್ರಿ ಸರ್.”

“ದಡ್ಡರಿಗೆ ಮುಂದಿನ ಪರೀಕ್ಷೆ ಇದೆ,” ಎಂದರು ಶಂಕರನಾರಾಯಣ. “ಕಳ್ಳರಿಗೆ ಇಲ್ಲ.”

“ಮುಂದಿನ ಪತ್ರಿಕೆ ಗುರುವಾರವೇ,” ಎಂದಳು ಗ್ರೇಸಿ. “ತಂತ್ರಾಂಶ ಮತ್ತೆ ಹಿಡಿಯುತ್ತದೆ. ಅಕ್ಕಾ, ಮನಸ್ಸಿನಲ್ಲೇ ಹೇಳಿಕೊಂಡರೆ ಆಗುವುದಿಲ್ಲವೇ?”

“ಮನಸ್ಸಿನಲ್ಲಿ ಹೇಳಿದರೆ ನನಗೆ ಏಳರ ಮಗ್ಗಿಯೂ ತಪ್ಪುತ್ತದೆ.”

ಶಂಕರನಾರಾಯಣರು ಪೆನ್ನಿನ ಮುಚ್ಚಳವನ್ನು ಹಾಕಿದರು. “ಕೈ ನಡುಗುವವರಿಗೆ ನೀವು ಹೆಚ್ಚು ಸಮಯ ಕೊಡುತ್ತೀರಿ. ಕಣ್ಣು ಕಾಣದವರಿಗೆ ಪ್ರಶ್ನೆಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಿದ್ದೀರಿ. ಇವರಿಗೆ ತುಟಿ ಅಲುಗಿಸಲು ಬಿಡಿ.”

ವಿನಾಯಿತಿಗಳ ಪುಟವನ್ನು ತೆರೆದು ಗ್ರೇಸಿ ಬಹಳ ಹೊತ್ತು ಹುಡುಕಿದಳು. ಕೊನೆಗೆ ಒಂದು ದಾರಿ ಸಿಕ್ಕಿತು. ವಿದ್ಯಾರ್ಥಿನಿಯ ಧ್ವನಿಯನ್ನು ಮೊದಲೇ ಕೊಟ್ಟಿಟ್ಟರೆ ತಂತ್ರಾಂಶವು ಅದನ್ನು ಬೇರೆಯವರದ್ದೆಂದು ಎಣಿಸುವುದಿಲ್ಲ. ಆಕೆ ಮೈಕನ್ನು ಭವಾನಿಯ ಮುಂದಕ್ಕೆ ಸರಿಸಿದಳು. “ಯಾವುದಾದರೂ ಒಂದು ಮಗ್ಗಿ ಹೇಳಿ. ನಡುವೆ ಬೇರೆ ಯಾರ ದನಿಯೂ ಬರಬಾರದು. ಬಂದರೆ ಅದು ಒಪ್ಪುವುದಿಲ್ಲ.”

“ಹದಿನೇಳರದ್ದೇ ಹೇಳುತ್ತೇನೆ,” ಎಂದಳು ಭವಾನಿ.

ಮೈಕಿನ ಕೆಂಪು ದೀಪ ಹತ್ತಿತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. “…ಹದಿನೇಳೈದ್ಲ ಎಂಬತ್ತೈದು, ಹದಿನೇಳಾರ್ಲ ನೂರ ಎರಡು, ಹದಿನೇಳೇಳ್ಲ ನೂರ ಹತ್ತೊಂಬತ್ತು, ಹದಿನೇಳೆಂಟ್ಲ…”

ಅಲ್ಲಿಗೆ ನಿಂತಳು. ಹಳೆಯ ಸಂಖ್ಯೆ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು, ಹೊಸದು ಇನ್ನೂ ಬಂದಿರಲಿಲ್ಲ. ಮೇಜಿನ ಕೆಳಗೆ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳತೊಡಗಿದವು.

ಗ್ರೇಸಿ ಕುರ್ಚಿಯ ಅಂಚಿಗೆ ಸರಿದು ಮುಂದಕ್ಕೆ ಬಾಗಿದಳು. ಅವಳ ತುಟಿಗಳು ತೆರೆದುಕೊಂಡವು. ಶಂಕರನಾರಾಯಣರು ಥಟ್ಟನೆ ಕೈಯೆತ್ತಿ ಅವಳ ಬಾಯಿಗೆ ಅಡ್ಡ ಹಿಡಿದರು.