ಎರಡು ಸಲ ಉಂಡ ಮರಿ

ಕಿಟಕಿಯಿಂದ ಒಳಬಂದ ಪಿಕಳಾರ ಹಕ್ಕಿಯ ಮರಿ ಫ್ಯಾನಿಗೆ ಬಡಿದು ಎರಡು ಹೊಲಿಗೆ ಯಂತ್ರಗಳ ನಡುವೆ ಬಿತ್ತು. ಅಣ್ಣ ತಮ್ಮ ಇಬ್ಬರೂ ಪೆಡಲ್ ಬಿಟ್ಟು ಒಟ್ಟಿಗೇ ಬಗ್ಗಿದರು. ತಲೆಗೆ ತಲೆ ಢಿಕ್ಕಿ ಹೊಡೆದರೂ ಒಬ್ಬರೂ ತುಟಿ ಎರಡು ಮಾಡಲಿಲ್ಲ.

ಮಾತು ಬಿಟ್ಟದ್ದು ಒಬ್ಬ ಮದುಮಗನ ಕೋಟಿನ ದೆಸೆಯಿಂದ. ತೋಳು ಒಂದಂಗುಲ ಗಿಡ್ಡ ಮಾಡಬೇಕಿತ್ತು. ಅಣ್ಣ ಕತ್ತರಿಸಿಟ್ಟ, ಗೊತ್ತಿಲ್ಲದೆ ತಮ್ಮನೂ ಕತ್ತರಿಸಿದ. ಮದುಮಗ ಅದನ್ನು ತೊಟ್ಟು ಕೈ ಚಾಚಿದಾಗ ಅಂಗಡಿಯ ಮಾನ ಹೋಯಿತು. "ನೀನು ಹೇಳಬೇಕಿತ್ತು", "ನೀನು ಕೇಳಬೇಕಿತ್ತು" ಎಂಬುದೇ ಅವರ ಕೊನೆಯ ಮಾತು. ತಮ್ಮ ಬೇರೆ ಅಂಗಡಿ ಹುಡುಕುತ್ತಿದ್ದಾನೆಂದು ಕಿವಿಗೆ ಬಿದ್ದಾಗಿನಿಂದ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಹಿರಿಯನಾಗಿ ತಾನೇ ಮೊದಲು ಬಾಯಿ ಬಿಡುವುದುಂಟೇ?

ತಮ್ಮ ಮರಿಯನ್ನು ಹಿಡಿದುಕೊಂಡ. ಅಣ್ಣ ಅಸ್ತರಿನ ಬಟ್ಟೆ ಹರಿದು, ಜೋತುಬಿದ್ದ ರೆಕ್ಕೆಯನ್ನು ಮೈಗೆ ಸೇರಿಸಿ ಕಟ್ಟಿದ. ಗುಂಡಿಗಳ ಡಬ್ಬ ಅದರ ಗೂಡಾಯಿತು. ಸೆಕೆಗೆ ಬೆವರು ಸುರಿದರೂ ಇಬ್ಬರೂ ಫ್ಯಾನಿನ ತಂಟೆಗೆ ಹೋಗಲಿಲ್ಲ.

ರೆಕ್ಕೆ ಕೂಡಿತು, ಪಟ್ಟಿ ಬಿಚ್ಚಿದರು. ಮರಿ ಮೇಜಿನಂಚಿನಿಂದ ಹಾರಿ ಚಿಂದಿಯ ರಾಶಿಗೆ ದೊಪ್ಪನೆ ಬಿತ್ತು. ಮತ್ತೆ ಹಾರಿತು, ಮತ್ತೆ ದೊಪ್.

ಊಟದ ಡಬ್ಬಿ ತಂದ ಅಣ್ಣನ ಹೆಂಡತಿ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಇದಕ್ಕೇನ್ರೀ ಹಾಕ್ತಿದೀರಿ?"

"ಗಂಟೆಗೊಂದ್ಸಲ ಬಾಳೆಹಣ್ಣು," ಅಂದ ಅಣ್ಣ.

ತಮ್ಮನ ಮುಖ ಸಪ್ಪಗಾಯಿತು. "ಅತ್ತಿಗೆ, ನಾನೂ ಅಷ್ಟೇ ಹಾಕ್ತಿದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. "ಕೋಟಾಯ್ತು, ಈಗ ಹಕ್ಕಿನಾ? ಆ ಮದುಮಗ ಬಾಯಿಗೆ ಬಂದಂಗೆ ಬೈದಾದ್ರೂ ಹೋದ. ಈ ಪಾಪದ್ದು ಯಾರ ಹತ್ರ ಹೇಳ್ಕೊಳ್ಬೇಕು?"

ಅಂದಿನಿಂದ ಅಂಗಡಿಯಲ್ಲಿ ಒಂದು ಮಾತು ಶುರುವಾಯಿತು. "ಕೊಟ್ಯಾ?" "ಕೊಟ್ಟೆ." ಅಷ್ಟೇ. ಅಷ್ಟಕ್ಕೇ ಅಣ್ಣ ಊಟದ ಡಬ್ಬಿ ಖಾಲಿ ಮಾಡತೊಡಗಿದ.

ಮರಿಯ ಮೈ ಇಳಿಯಿತು. ಒಂದು ಬೆಳಿಗ್ಗೆ ಮೇಜಿನಿಂದ ಹಾರಿದ್ದು ಬೀಳಲಿಲ್ಲ. ಕಿಟಕಿ ದಾಟಿ ಎದುರಿನ ಮರ ಸೇರಿತು. ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಅಂಗಡಿ ಭಣಗುಟ್ಟಿತು. ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದುಕೊಂಡು ಅಣ್ಣ ತಲೆ ತಗ್ಗಿಸಿ ಪೆಡಲ್ ತುಳಿಯತೊಡಗಿದ.

ಹಿಂದಿನಿಂದ ತಮ್ಮನ ದನಿ ಬಂತು. "ಅಣ್ಣಾ, ಈ ಕೋಟಿನ ತೋಳು ಕತ್ತರಿಸಿದ್ಯಾ?"

ಅಣ್ಣ ತಿರುಗಿ ನೋಡಿದ. ಎರಡೂ ತೋಳುಗಳಿಂದ ಕತ್ತರಿಸಿದ ತುಂಡುಗಳು ಆಗಲೇ ತಮ್ಮನ ಕೈಯಲ್ಲೇ ಇದ್ದವು.