ಎಲ್ಲಿ ಹಿಡಿಯುತ್ತೆ?

"ಚೆನ್ನಾಗಿದೆ ಅಕ್ಕ, ತುಂಬಾ ಚೆನ್ನಾಗಿದೆ." ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ ಟೀಚರ್ ಹಾಗೆಂದಳೇ ಹೊರತು, ಕೈಗಳನ್ನು ಮಾತ್ರ ಮೈಗೆ ಅಂಟಿಸಿಕೊಂಡೇ ಇದ್ದಳು. ಬೀದಿಗೆಲ್ಲ ಟೈಲರಕ್ಕ ಎಂದೇ ಗೊತ್ತಿರುವ ಹೆಂಗಸು ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಹಿಂದಿನಿಂದ ನೋಡುತ್ತಿದ್ದಳು.

ನಿಜ ಹೇಳಬೇಕೆಂದರೆ ಅಂಗಿ ಒಂದು ನೆಪ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಈ ಟೀಚರ್ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದಳು. ಶುರುವಿನಲ್ಲಿ ಬೆಂಚು ಸಾಲದಷ್ಟು ಜನ. ಈಗ ಒಬ್ಬೊಬ್ಬರಾಗಿ ಕಳಚಿಕೊಂಡು ಕೋಣೆ ಬಣಬಣ ಎನ್ನುತ್ತಿತ್ತು. ಹೀಗೇ ಆದರೆ ಕೋಣೆಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಗ್ರಂಥಾಲಯದವರು ಹೇಳಿಯಾಗಿತ್ತು. ಪಾಠ ಹೇಗಿದೆ, ಏನು ಬದಲಾಯಿಸಲಿ ಎಂದು ಅವಳು ಕೇಳದ ದಿನವಿಲ್ಲ. ಎಲ್ಲರದೂ ಬೆಣ್ಣೆಯಂಥ ಒಂದೇ ಮಾತು: ತುಂಬಾ ಚೆನ್ನಾಗಿದೆ ಟೀಚರ್. ಹಾಗೆಂದವರೇ ಮರುವಾರ ನಾಪತ್ತೆ. ಟೈಲರಕ್ಕನೂ ಅದನ್ನೇ ಹೇಳಿ, ಮಾರನೆಯ ದಿನದಿಂದ ಆ ಕಡೆ ತಲೆ ಹಾಕಿರಲಿಲ್ಲ. ಯಾಕೆ ಬಿಟ್ಟರು ಎಂದು ತಿಳಿಯದಿದ್ದರೆ ಉಳಿದವರನ್ನು ಹಿಡಿದಿಡುವುದು ಹೇಗೆ? ಟೀಚರಿಗೆ ಅದೇ ಸಂಕಟ. ಆದರೆ ಬಿಟ್ಟವರನ್ನು ನೇರವಾಗಿ ಕೇಳಲು ಬಾಯಿ ಬರುತ್ತಿರಲಿಲ್ಲ.

ಟೈಲರಕ್ಕ ಪಿನ್ನನ್ನು ಬಾಯಿಂದ ತೆಗೆದಳು. "ಎಲ್ಲಿ, ಕೈ ಎತ್ತಿ ನೋಡೋಣ."

"ಬೇಡ ಬಿಡಿ ಅಕ್ಕ, ಸರಿಯಾಗೇ ಇದೆ."

"ಬೋರ್ಡಿನ ಮೇಲ್ಗಡೆ ಬರೀತೀರಲ್ಲ, ಹಾಗೆ ಎತ್ತಿ."

ಎತ್ತಿದಳು. ಅಂಗಿಯೂ ಜೊತೆಗೇ ಮೇಲೆ ಸರಿಯಿತು, ಎಲ್ಲೋ ಒಂದು ಹೊಲಿಗೆ ಪಟ್ ಎಂದಿತು.

"ಎಲ್ಲಿ ಹಿಡಿಯುತ್ತೆ?"

"ಇಲ್ಲಿ. ಕಂಕುಳಲ್ಲಿ," ಎಂದು ಒಪ್ಪಿಕೊಂಡಳು ಟೀಚರ್. ಟೈಲರಕ್ಕನ ಮುಖ ಸಪ್ಪಗಾಯಿತು. ತನ್ನ ಕತ್ತರಿ ತಪ್ಪುವುದೇ ಇಲ್ಲ ಎಂಬ ಜಂಬ ಅವಳಿಗೆ ಕಡಿಮೆಯೇನೂ ಇರಲಿಲ್ಲ.

"ಇಷ್ಟು ಬಿಗಿ ಇಟ್ಕೊಂಡು ಚೆನ್ನಾಗಿದೆ ಅಂತ ಯಾಕಂದ್ರಿ?"

"ಕಷ್ಟಪಟ್ಟು ಹೊಲಿದಿದೀರ. ನಿಮಗೆ ಬೇಜಾರಾಗಬಾರದು ಅಂತ."

"ಹಾಗಂತ ಇದನ್ನ ಹಾಕ್ಕೋತಿದ್ರಾ?"

"ಇಲ್ಲ. ಮಡಿಸಿ ಇಟ್ಟುಬಿಡ್ತಿದ್ದೆ. ಮುಂದಿನ ಸಲ ಬೇರೆ ಕಡೆ ಹೊಲಿಸ್ತಿದ್ದೆನೋ ಏನೋ."

ಹೇಳಿದ ಮೇಲೆ ಆ ಮಾತು ಟೀಚರಿಗೇ ತಟ್ಟಿತು. ಎತ್ತಿದ ಕೈಯನ್ನು ಇಳಿಸುವುದೇ ಮರೆತುಹೋಯಿತು. ಕನ್ನಡಿಯಲ್ಲೇ ಟೈಲರಕ್ಕನ ಕಣ್ಣು ಹುಡುಕಿ ಮೆಲ್ಲಗೆ ಕೇಳಿದಳು: "ಅಕ್ಕ, ನನ್ನ ಪಾಠ ಚೆನ್ನಾಗಿದೆ ಅಂದ್ರಲ್ಲ, ಅದೂ ಹೀಗೇನಾ?"

ಟೈಲರಕ್ಕ ತಕ್ಷಣ ಪಿನ್ನನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಬಾಯಲ್ಲಿ ಪಿನ್ನಿದ್ದರೆ ಮಾತಾಡಬೇಕಿಲ್ಲ. ಅಂಥ ಅನುಕೂಲ ಆ ಕಸುಬಿನವರಿಗೆ ಮಾತ್ರ ಉಂಟು. ಆದರೆ ಟೀಚರ್ ಅಂಗೈ ಒಡ್ಡಿ ನಿಂತಳು. ಬೇರೆ ದಾರಿ ಕಾಣದೆ ಟೈಲರಕ್ಕ ಪಿನ್ನನ್ನು ಆ ಕೈಗೆ ಹಾಕಿದಳು.

"ಹೇಳಿ ಅಕ್ಕ. ಎಲ್ಲಿ ಹಿಡಿಯುತ್ತೆ?"

"ಚಪ್ಪಾಳೆ," ಎಂದಳು ಟೈಲರಕ್ಕ, ಅಂಗಿಯ ತೋಳನ್ನೇ ನೋಡುತ್ತ. "ಒಂದು ಸಾಲು ಓದಿದ್ರೆ ಸಾಕು, ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸ್ತೀರ. ಪ್ರೀತಿಗೇ ಮಾಡ್ತೀರ, ಗೊತ್ತು. ಆದ್ರೆ ಆ ಕಿಟಕಿ ರಸ್ತೆ ಕಡೆಗಿದೆ. ಹೋಗೋರು ಬರೋರೆಲ್ಲ ಬಗ್ಗಿ ನೋಡ್ತಾರೆ. ಅವರಲ್ಲಿ ಅರ್ಧ ಜನ ನನ್ನ ಹತ್ರ ಬಟ್ಟೆ ಹೊಲಿಸೋರು. ಈ ವಯಸ್ಸಲ್ಲಿ ಆನೆ ಬಂತು ಅಂತ ಓದಿ ಶಭಾಷ್ ಅನ್ನಿಸ್ಕೊಳ್ಳೋಕೆ ನಾಚಿಕೆ ಆಗುತ್ತೆ ಟೀಚರ್. ಈಗ ಮೊಮ್ಮಗಳೂ ಅದನ್ನೇ ಕಲ್ತಿದಾಳೆ. ನಾನು ಅಂಗಡಿ ಬೋರ್ಡು ಓದಿದ್ರೂ ಚಪ್ಪಾಳೆ ಹೊಡೀತಾಳೆ. ಸೊಸೆ ಆ ಕಡೆ ತಿರುಗಿ ನಗ್ತಾಳೆ."

ಟೀಚರಿಗೆ ನೋವಾಯಿತು. ಅದನ್ನು ಮುಚ್ಚಿಡಲೂ ಹೋಗಲಿಲ್ಲ. "ಮೊದಲೇ ಹೇಳಬಾರದಿತ್ತಾ ಅಕ್ಕ?"

"ನಿಮಗೆ ಬೇಜಾರಾಗಬಾರದು ಅಂತ."

ಇಬ್ಬರೂ ನಕ್ಕುಬಿಟ್ಟರು. ಟೀಚರ್ ನಗುತ್ತಲೇ ಕಣ್ಣೊರೆಸಿಕೊಂಡಳು. "ಓದೋ ಆಸೆ ಏನೂ ಹೋಗಿಲ್ಲ," ಎನ್ನುತ್ತ ಟೈಲರಕ್ಕ ತೋಳಿನ ಹೊಲಿಗೆ ಬಿಚ್ಚಲು ಕತ್ತರಿ ಹುಡುಕತೊಡಗಿದಳು.

ಮುಂದಿನ ತರಗತಿಯಲ್ಲಿ ಟೀಚರ್ ಪಾಠ ಹೇಗಿದೆ ಎಂದು ಕೇಳಲಿಲ್ಲ. ಅಂಗಿಯ ಕಥೆ ಹೇಳಿದಳು, ಚಪ್ಪಾಳೆಯ ವಿಷಯವನ್ನೂ ಹೇಳಿದಳು. "ಇನ್ನೂ ಎಲ್ಲೆಲ್ಲಿ ಹಿಡಿಯುತ್ತೆ?" ಎಂದಳು. ಇದ್ದ ನಾಲ್ಕು ಜನ ನೆಲ ನೋಡುತ್ತ ಕೂತರು. ಕೊನೆಗೆ, ಅಂದು ಮತ್ತೆ ತರಗತಿಗೆ ಬಂದಿದ್ದ ಟೈಲರಕ್ಕನೇ ಗಂಟಲು ಸರಿಮಾಡಿಕೊಂಡು, ಈ ಆನೆ ಕಾಗೆ ಸಾಕು, ಬಸ್ಸಿನ ಬೋರ್ಡು, ಔಷಧಿ ಚೀಟಿ ಓದೋದು ಕಲಿಸಿ ಎಂದಳು. ಅಲ್ಲಿಗೆ ಎಲ್ಲರ ನಾಲಿಗೆಯೂ ಸಡಿಲವಾಯಿತು. ಬೇಕರಿಯವನು, ತಾನು ಒಲೆ ಆರಿಸಿ ಬರುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತದೆ ಎಂದ. ಕಾವಲುಗಾರ, ಆ ಹಾಳು ಕಿಟಕಿಗೊಂದು ಪರದೆ ಹಾಕಿದರೆ ಪುಣ್ಯ ಬರುತ್ತದೆ ಎಂದ. ಪರದೆ ಹೊಲಿಯುವವರು ಯಾರೆಂದು ಯಾರೂ ಕೇಳಬೇಕಾಗಲಿಲ್ಲ.

ಪರದೆ ಬಂದ ದಿನ, ಬಿಟ್ಟುಹೋಗಿದ್ದ ಒಂದಿಬ್ಬರು ಬಾಗಿಲಲ್ಲಿ ಇಣುಕಿ ಒಳಗೆ ಬಂದು ಕೂತಿದ್ದರು. ಕಾವಲುಗಾರ ಎದ್ದು ನಿಂತು, ಟೀಚರ್ ಹಾಳೆಯಲ್ಲಿ ಬರೆದುಕೊಟ್ಟಿದ್ದ ಬಸ್ಸಿನ ಬೋರ್ಡಿನ ಒಂದು ಸಾಲನ್ನು ಬೆರಳಿಟ್ಟು ಓದಿ ಮುಗಿಸಿದ. ಟೀಚರ್ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದಳು. ಅಂಗಿಯ ತೋಳು ಈಗ ಎಲ್ಲೂ ಹಿಡಿಯುತ್ತಿರಲಿಲ್ಲ. ಆದರೂ ಕೈಗಳನ್ನು ಮೆಲ್ಲಗೆ ಇಳಿಸಿ ಮೇಜಿನ ಮೇಲಿಟ್ಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾವಲುಗಾರ ಗಾಬರಿಯಿಂದ ತಲೆ ಎತ್ತಿದ.

"ತಪ್ಪಾಯ್ತಾ ಟೀಚರ್?"

ಉತ್ತರ ಹಿಂದಿನ ಬೆಂಚಿನಿಂದ, ಟೈಲರಕ್ಕನ ಬಾಯಿಂದ ಬಂತು.

"ತಪ್ಪಾಗಿದ್ರೆ ಹೇಳ್ತಾರೆ ಅಣ್ಣ. ಮುಂದೆ ಓದಿ."