ಒಂದು ಚಿಟಿಕೆ ಭಂಡಾರ

ಅಣ್ಣಾರಾಯನ ಫಟಫಟಿ ಅಕ್ಕಲಕೋಟೆಯ ಚನ್ನವೀರಪ್ಪನ ಗ್ಯಾರೇಜಿನ ಮುಂದೆ ಬಂದು ಕೆಮ್ಮಿ, ಬಿಕ್ಕಿ, ಕರಿ ಹೊಗೆ ಉಗುಳಿ ನಿಂತಿತು. ಹಿಂದೆ ಕೂತಿದ್ದ ಅವನ ತಾಯಿ ಮುಕ್ತಾಬಾಯಿ ಇಳಿದು ಸೀರೆ ಕೊಡವಿಕೊಂಡಳು. ಚನ್ನವೀರಪ್ಪ ತಲೆ ಕೂಡ ಎತ್ತಲಿಲ್ಲ. ಸದ್ದಿನಿಂದಲೇ ಅವನಿಗೆ ಗುರುತು ಸಿಕ್ಕಿತ್ತು.

“ಮತ್ತ ಬಂತೇನೋ ಪೀಡಾ?”

“ಬಂತ್ರಿ ಕಾಕಾ. ಮೊದಲ ಪ್ಲಗ್ ಹೋಗ್ಯಾದ ಅಂದ್ರಿ, ಬದಲಿ ಮಾಡಿದ್ವಿ. ಆಮ್ಯಾಲ ಪೆಟ್ರೋಲ್ ಛಲೋ ಇಲ್ಲ ಅಂದ್ರಿ. ಹ್ವಾದ ವಾರ ಕಾರ್ಬುರೇಟರ್ ಬಿಚ್ಚಿ ತೊಳದ್ರಿ. ನಮ್ಮೂರು ತಡವಳ ಮುಟ್ಟೂತನ ಕುದುರಿ ಹಂಗ ಓಡ್ತದ, ನಾಕ ದಿನಕ್ಕ ಮತ್ತ ಇದ ಹಾಡು. ಇವತ್ತ ಏನರೆ ಮಾಡ್ರಿ, ನಾಳೆ ನಾ ಮೈಂದರ್ಗಿಗೆ ಹೋಗಲಿಕ್ಕೇ ಬೇಕು.”

ತವರೂರು ಮೈಂದರ್ಗಿಯಲ್ಲಿ ಅವನ ಹೆಂಡತಿ ನೀಲಗಂಗಾ ಬಾಣಂತನ ಮುಗಿಸಿ, ಐದು ತಿಂಗಳ ಮಗಳ ಜೊತೆ ದಾರಿ ಕಾಯುತ್ತಿದ್ದಳು. ಹಿಂದಿನ ಸಲ ಮಾವ ಧರೆಪ್ಪ ಇದೇ ಸದ್ದು ಕೇಳಿ, “ಬಿಕ್ಕು ಹತ್ತಿದ ಗಾಡಿ ಮ್ಯಾಲ ಕೂಸಿನ್ನ ಕೂಡಸಂಗಿಲ್ಲ” ಎಂದು ಅಳಿಯನನ್ನು ಬರಿಗೈಲಿ ಕಳಿಸಿದ್ದ. ಈ ವಾರ ದಾಟಿದರೆ ಆಷಾಢ. ಮತ್ತೆ ಒಂದು ತಿಂಗಳು ಕೂಸು ಹೊಸ್ತಿಲು ದಾಟುವುದಿಲ್ಲ. ಬಸ್ಸಿಗೆ ಕರೆತರಬಹುದಿತ್ತು. ಆದರೆ ಮಗಳನ್ನು ಸ್ವಂತ ಗಾಡಿಯ ಮೇಲೆಯೇ ತರುತ್ತೇನೆಂದು ಅಣ್ಣಾರಾಯ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಹೇಳಿಕೊಂಡ ಮೇಲೆ ಮುಗಿಯಿತಲ್ಲ!

ಚನ್ನವೀರಪ್ಪ ಪ್ಲಗ್ ತೆಗೆದು ನೋಡಿದ. ಮಸಿ ಹಿಡಿದಿತ್ತು. ಒರೆಸಿ ಹಾಕಿ, ಕಿಕ್ ಹೊಡೆದು, ಕಿವಿಗೊಟ್ಟು ಕೂತ. ಗಾಡಿ ಬಿಕ್ಕುತ್ತ ಬಿಕ್ಕುತ್ತ ನಡೆಯಿತು. ಮುಕ್ತಾಬಾಯಿ ಮುಂದೆ ಬಂದಳು. ಸೊಂಟದ ಚೀಲದಿಂದ ಒಂದು ಮುಷ್ಟಿ ಭಂಡಾರ, ದೇವರ ಅರಿಶಿನದ ಪುಡಿ, ತೆಗೆದು, “ಬೀರದೇವರ ಹೆಸರಲೆ ಚಾಂಗಭಲೋ!” ಎಂದು ಗಾಡಿಯ ಮೇಲೆ ಎರಚಿದಳು. ಹಳದಿ ಧೂಳು ಒಂದು ಸುತ್ತು ತಿರುಗಿ, ಯಾರೋ ಕರೆದ ಹಾಗೆ, ಸೀಟಿನ ಕೆಳಗಿನ ತೂತಿನೊಳಗೆ ಹೋಯಿತು. ಗಾಡಿ ಇನ್ನೊಮ್ಮೆ ಬಿಕ್ಕಿ ಬಂದ್ ಆಯಿತು.

ಚನ್ನವೀರಪ್ಪ ಮುಚ್ಚಳ ಬಿಚ್ಚಿದ. ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಫಿಲ್ಟರು ಮದುಮಗನ ಅಂಗಿಯ ಹಾಗೆ ಹಳದಿಯಾಗಿತ್ತು.

“ಆಯಿ, ಇದು ದಿನಾ ಹಾಕ್ತೀರೇನ್ರಿ?”

“ಗಾಡಿ ಹೊರಗ ಬಿಡೂಮುಂದ ಹಾಕಬೇಕಲ್ಲಪ್ಪಾ. ಮೊದಲ ಚಿಟಿಕಿ ಹಾಕ್ತಿದ್ದೆ. ಬಿಕ್ಕಾಕ ಹತ್ತಿದ ಮ್ಯಾಲ ಮುಷ್ಟಿಲೆ ಹಾಕಾಕತ್ತೀನಿ.”

ಅಣ್ಣಾರಾಯ ಹಣೆ ಹಣೆ ಬಡಿದುಕೊಂಡ.

“ದೇವರ ಭಂಡಾರಕ್ಕ ನಾ ಏನೂ ಅನ್ನಂಗಿಲ್ರಿ,” ಎಂದ ಚನ್ನವೀರಪ್ಪ. “ಆದ್ರ ಈ ತೂತಿನಾಗ ಹೋಗಬಾರದು. ಗಾಡಿ ಉಸಿರು ತಗೊಳ್ಳೂದು ಇಲ್ಲಿಂದ. ಚಿಟಿಕಿ ಹ್ವಾದ್ರ ನಿಂತಲ್ಲಿ ಛಂದ ನಡೀತದ, ರೇಸ್ ಕೊಟ್ರ ಇಪ್ಪತ್ತರ ಮ್ಯಾಲ ಏಳಂಗಿಲ್ಲ. ಮುಷ್ಟಿ ಹ್ವಾದ್ರ ಹಿಂಗ ಬಿಕ್ತದ.”

“ಇಪ್ಪತ್ತರ ಮ್ಯಾಲ ಏಳಂಗಿಲ್ಲ?” ಮುಕ್ತಾಬಾಯಿ ಬಗ್ಗಿ ತೂತನ್ನು ನೋಡಿದಳು.

“ಎತ್ತಿನ ಬಂಡಿಕಿಂತ ಒಂದೀಟ ಜೋರು, ಅಷ್ಟ.”

“ತಪ್ಪಾತ ತಗೋ ನಮ್ಮಪ್ಪಾ,” ಎಂದು ಗಲ್ಲ ಬಡಿದುಕೊಂಡಳು.

ಫಿಲ್ಟರು ತೊಳೆದ ಗಾಡಿ ಜುಮ್ಮೆಂದು ಹಾಡಿತು. ಖುಷಿಗೆ ಅಣ್ಣಾರಾಯ ರೇಸಿನ ಕಿವಿ ಹಿಂಡಿದ್ದೇ ಹಿಂಡಿದ್ದು. ತಡವಳದ ಬಸ್ಸನ್ನೂ ಹಿಂದೆ ಹಾಕಿದ. ಮುಕ್ತಾಬಾಯಿ ಎರಡೂ ಕೈಯಲ್ಲಿ ಮಗನ ಅಂಗಿ ಹಿಡಿದು, ಕಣ್ಣು ಮುಚ್ಚಿಕೊಂಡು ಊರು ಮುಟ್ಟಿದಳು. ಇಳಿದ ಮೇಲೂ ಅಂಗಿ ಬಿಡದೆ ಕೇಳಿದಳು.

“ನಾಳೆನೂ ಹಿಂಗ ಓಡಸಾಂವೇನು ತಮ್ಮಾ?”

“ಕೂಸು ಅಂಜಂಗಿಲ್ಲ ತಗೋವ್ವ. ಅದು ನನ್ನ ಮಗಳು.”

ಅವಳು ಸೊಂಟದ ಚೀಲ ಸರಿಮಾಡಿಕೊಂಡು ಒಳಗೆ ಹೋದಳು.

ಮುಂಜಾನೆ ಅವನು ಹೊರಡುವಾಗ ಮುಕ್ತಾಬಾಯಿ ಗಾಡಿಗೆ ಭಂಡಾರ ಎರಚಲಿಲ್ಲ. ಮಗನ ಹಣೆಗಷ್ಟೇ ಹಚ್ಚಿದಳು. ಅಂತೂ ಅವ್ವನಿಗೆ ತಿಳಿಯಿತು ಎಂದು ಅಣ್ಣಾರಾಯನಿಗೆ ಸಮಾಧಾನವಾಯಿತು. ಆದರೆ ಊರು ದಾಟಿ ಎಷ್ಟು ರೇಸ್ ತಿರುವಿದರೂ ಗಾಡಿಯ ಸ್ಪೀಡಿನ ಮುಳ್ಳು ಇಪ್ಪತ್ತು ಬಿಟ್ಟು ಏಳಲಿಲ್ಲ. ಬಿಚ್ಚಿ ನೋಡಲು ಹೊತ್ತಿರಲಿಲ್ಲ. ದಾರಿಯುದ್ದಕ್ಕೂ ಚನ್ನವೀರಪ್ಪನಿಗೆ ಮಂಗಳಾರತಿ ಮಾಡುತ್ತ ಮೈಂದರ್ಗಿ ಮುಟ್ಟಿದ. ಧರೆಪ್ಪ ಬಾಗಿಲ ಮುಂದೆ ಗಾಡಿ ಚಾಲೂ ಮಾಡಿಸಿ, ಕಿವಿಗೊಟ್ಟು ಕೇಳಿದ. ಒಂದು ಬಿಕ್ಕೂ ಇರಲಿಲ್ಲ. “ಈಗ ಛಲೋ ಆಗ್ಯಾದ ನೋಡು,” ಎಂದು ಮೊಮ್ಮಗಳನ್ನು ಮಗಳ ಮಡಿಲಿಗೆ ಕೊಟ್ಟ.

ಬರುವ ದಾರಿಯಲ್ಲಿ ಹಾಲಿನವನೊಬ್ಬ ಸೈಕಲ್ ಗಂಟೆ ಬಾರಿಸುತ್ತ ಅವರನ್ನು ಹಿಂದೆ ಹಾಕಿ ಹೋದ. ಅಣ್ಣಾರಾಯನಿಗೆ ತಡೆಯಲಾಗಲಿಲ್ಲ. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಫಿಲ್ಟರಿನ ಮುಚ್ಚಳ ಬಿಚ್ಚಿದ. ನಿನ್ನೆ ತೊಳೆದ ಫಿಲ್ಟರಿನ ಮೇಲೆ ಒಂದೇ ಚಿಟಿಕೆ ಹೊಸ ಭಂಡಾರ ಕೂತಿತ್ತು. ಹೊರಗೆ ಒಂದು ಕಣವೂ ಚೆಲ್ಲಿರಲಿಲ್ಲ.

ಅವನು ಊದಲು ಬಾಯಿಯನ್ನು ಅದರ ಹತ್ತಿರ ಒಯ್ದ. ಹಾಗೆಯೇ ತಲೆ ಎತ್ತಿದ. ನೀಲಗಂಗಾಳ ಮಡಿಲಲ್ಲಿ ಮಗಳು ಬಾಯಿ ತೆರೆದು ನಿದ್ದೆ ಹೋಗಿದ್ದಳು.

“ಏನಾಗ್ಯಾದ್ರಿ ಗಾಡಿಗೆ?” ಎಂದಳು ನೀಲಗಂಗಾ.

ಅಣ್ಣಾರಾಯ ಊದದೆ ಮುಚ್ಚಳವನ್ನು ಇದ್ದ ಹಾಗೆ ಬಿಗಿದ.

“ಏನೂ ಆಗಿಲ್ಲ. ಅವ್ವ ರಿಪೇರಿ ಮಾಡ್ಯಾಳ.”